ಕಾಗಿಣಾ ತೀರದ ತೊಗರಿ: ಹೊಲದಿಂದ ತಟ್ಟೆಯವರೆಗೆ ಒಂದು ಅಮಾನತ್

ಮದುವೆ ಮನೆಯ ದಾಲ್ಚಾ, ರಮಝಾನ್‌ನ ಹಲೀಮ್, ದಿನನಿತ್ಯದ ಅನ್ನ ಮತ್ತು ಜೋಳದ ರೊಟ್ಟಿಯ ಜೊತೆಗಿನ ಬೇಳೆ: ಇವುಗಳಿಲ್ಲದ ಮನೆ ನಮ್ಮಲ್ಲಿ ವಿರಳ. ಆದರೆ ಆ ಹಿಡಿ ಬೇಳೆ ನಮ್ಮ ತಟ್ಟೆಗೆ ಸುರಕ್ಷಿತವಾಗಿ ಬರುವುದರ ಹಿಂದೆ ಎಷ್ಟು ಜನರ ಜ್ಞಾನ, ಶ್ರಮ ಮತ್ತು ಪ್ರಾಮಾಣಿಕತೆ ಅಡಗಿದೆ ಎಂಬುದನ್ನು ನಾವು ಯೋಚಿಸುವುದು ಕಡಿಮೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ತೊಗರಿಯ ಕಥೆ ಈ ವಿಷಯದಲ್ಲಿ ನಮಗೆ ಒಳ್ಳೆಯ ಪಾಠ ಹೇಳುತ್ತದೆ.

ಈ ಸೀಮೆ ಇಸ್ಲಾಮಿ ಇತಿಹಾಸಕ್ಕೆ ಅಪರಿಚಿತವಲ್ಲ. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡ ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. 10ನೇ ಶತಮಾನದ ಇತಿಹಾಸಕಾರ ಅಲ್ ಮಸ್ಊದಿ ಈ ನಗರವನ್ನು ‘ಮಾನ್ಕೀರ್’ ಎಂದೂ ಅದರ ಅರಸನನ್ನು ‘ಬಲ್ಹರಾ’ ಎಂದೂ ಕರೆದಿದ್ದಾನೆ. ಈ ಅರಸರ ರಾಜ್ಯದಲ್ಲಿ ಮುಸ್ಲಿಮರು ಗೌರವದಿಂದ ಬಾಳುತ್ತಿದ್ದರು, ಅವರಿಗೆ ಮಸೀದಿಗಳಿದ್ದವು ಎಂದು ಅರಬ್ ಲೇಖಕರು ದಾಖಲಿಸಿದ್ದಾರೆ.

ಅಲ್ಲಾಹನು ಈ ಮಣ್ಣಿಗೆ ಎರಡು ಅನುಗ್ರಹಗಳನ್ನು ಒಟ್ಟಿಗೇ ಕೊಟ್ಟಿದ್ದಾನೆ. ನೆಲದಡಿಯಲ್ಲಿ ಸುಣ್ಣದ ಕಲ್ಲು, ನೆಲದ ಮೇಲೆ ಕಪ್ಪು ಎರೆಮಣ್ಣು. ನಮ್ಮ ಎಷ್ಟೋ ಮಸೀದಿಗಳ ಅಂಗಳಕ್ಕೂ ಮನೆಗಳ ಪಡಸಾಲೆಗೂ ಹಾಸಿರುವ ಶಹಾಬಾದ್ ಕಲ್ಲು ಇಲ್ಲಿಯದೇ. ವಾಡಿ, ಸೇಡಂ, ಚಿತ್ತಾಪುರ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳಿಗೂ ಇದೇ ಕಲ್ಲು ಆಧಾರ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ದೊರೆಯಿತು. ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಹೇರಳವಾಗಿರುವ ಈ ಮಣ್ಣೇ ಬೇಳೆಯ ರುಚಿಗೆ ಕಾರಣವೆಂದು ಹೇಳಲಾಗುತ್ತದೆ.

ಆದರೆ ಮಣ್ಣು ಉತ್ತಮವಾಗಿದ್ದ ಮಾತ್ರಕ್ಕೆ ಫಸಲು ಕೈಗೆ ಬರುವುದಿಲ್ಲ. ತೊಗರಿಯ ಹಳೆಯ ಶತ್ರು ನೆಟೆ ರೋಗ. ಮಣ್ಣಿನಲ್ಲೇ ವಾಸಿಸುವ ಒಂದು ಶಿಲೀಂಧ್ರವು ಬೇರಿನ ಮೂಲಕ ಗಿಡವನ್ನು ಹೊಕ್ಕು, ನೀರು ಮೇಲೇರುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಹೂವು, ಕಾಯಿ ಕಟ್ಟುವ ಹೊತ್ತಿಗೆ ಹಸಿರಾಗಿ ನಿಂತಿದ್ದ ಗಿಡ ಬಾಡಿ ಒಣಗುತ್ತದೆ. ಕಾಂಡವನ್ನು ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ ಕಾಣಿಸುತ್ತದೆ. ವರ್ಷವಿಡೀ ದುಡಿದ ರೈತನ ಮುಂದೆ ಕೊನೆಗೆ ಉಳಿಯುವುದು ಉರುವಲು ಕಟ್ಟಿಗೆ ಮಾತ್ರ.

1972ರಲ್ಲಿ ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಈ ರೋಗದ ಬೆನ್ನು ಹತ್ತಿದರು. ಅವರು ಅನುಸರಿಸಿದ ವಿಧಾನ ವಿಚಿತ್ರವಾಗಿ ಕಂಡೀತು. ರೋಗ ಬಂದ ಗಿಡಗಳನ್ನು ಕತ್ತರಿಸಿ ಮಣ್ಣಿಗೆ ಸೇರಿಸಿ, ಬೇಕೆಂದೇ ಒಂದು ‘ರೋಗಗ್ರಸ್ತ ಹೊಲ’ವನ್ನು ಸಿದ್ಧಪಡಿಸಿದರು. ಅಲ್ಲಿ ಬೇರೆ ಬೇರೆ ತಳಿಗಳನ್ನು ಬಿತ್ತಿ, ಯಾವುದು ಸಾಯದೆ ನಿಲ್ಲುತ್ತದೆ ಎಂದು ಕಾದು ನೋಡಿದರು. ಹಾಗೆ ನಿಂತ ತಳಿಗಳಲ್ಲಿ ಒಂದು ಐಸಿಪಿ 8863. ರೈತರ ನಡುವಿನ ಹಳೆಯ ನಾಟಿ ತಳಿಯಿಂದಲೇ ಆರಿಸಿದ ಇದು 1986ರಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು ಮತ್ತು ಕೆಲವೇ ವರ್ಷಗಳಲ್ಲಿ ಉತ್ತರ ಕರ್ನಾಟಕದ ಹೊಲಗಳಲ್ಲಿ ಹರಡಿತು. ಆ ಬಳಿಕ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರವೂ ಟಿಎಸ್-3ಆರ್‌ನಂತಹ ತಳಿಗಳನ್ನು ನೀಡಿತು.

ಆದರೂ 2022ರ ಹಂಗಾಮಿನಲ್ಲಿ ನೆಟೆ ರೋಗ ಈ ಜಿಲ್ಲೆಯಲ್ಲಿ ಮತ್ತೆ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಅದೇ ಹೊಲದಲ್ಲಿ ವರ್ಷ ವರ್ಷವೂ ತೊಗರಿಯನ್ನೇ ಬಿತ್ತಿದರೆ ಶಿಲೀಂಧ್ರ ಮಣ್ಣಿನಲ್ಲಿ ಬಲಗೊಳ್ಳುತ್ತದೆ. ತೊಗರಿಯ ನಡುವೆ ಜೋಳ ಬಿತ್ತಿದರೆ ರೋಗ ಕಡಿಮೆಯಾಗುತ್ತದೆ ಎಂಬುದನ್ನು ಸಂಶೋಧನೆಗಳು ತೋರಿಸಿಕೊಟ್ಟಿವೆ. ಹಿರಿಯರ ಅಕ್ಕಡಿ ಪದ್ಧತಿಯನ್ನು ಹಳೆಯ ಕಾಲದ್ದೆಂದು ಕೈಬಿಟ್ಟವರು ಇದನ್ನು ಗಮನಿಸಬೇಕು.

ಎರಡನೆಯ ಶತ್ರು ಕಾಯಿಕೊರಕ ಹುಳು. 1997-98ರಲ್ಲಿ ಈ ಭಾಗದ ತೊಗರಿ ಅದಕ್ಕೆ ತುತ್ತಾಯಿತು. ಸಾಲ ಮಾಡಿ ವಿಷದ ಮೇಲೆ ವಿಷ ಸಿಂಪಡಿಸಿದರೂ ಹುಳು ಸಾಯಲಿಲ್ಲ. ಕೀಟನಾಶಕಗಳನ್ನು ತಾಳಿಕೊಳ್ಳುವ ಶಕ್ತಿಯನ್ನು ಅದು ಬೆಳೆಸಿಕೊಂಡಿತ್ತು. ಬೀದರ್, ಕಲಬುರಗಿ ಜಿಲ್ಲೆಗಳಲ್ಲಿ ಹಲವು ರೈತರು ಜೀವ ಕಳೆದುಕೊಂಡರು. ಆ ಸಂಕಟದ ಕಾಲದಲ್ಲಿ ನೆರವಿಗೆ ಬಂದದ್ದು ಇಲ್ಲಿಯ ರೈತರ ಒಂದು ಹಳೆಯ ಉಪಾಯ. ಗಿಡವನ್ನು ಹಿಡಿದು ಮೆಲ್ಲಗೆ ಅಲುಗಾಡಿಸಿ, ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಉದುರಿದ ಹುಳುಗಳನ್ನು ಒಟ್ಟುಗೂಡಿಸಿ ನಾಶಪಡಿಸುವುದೇ ಆ ಉಪಾಯ. ವಿಜ್ಞಾನಿಗಳು ಇದನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕಲಿಲ್ಲ. ಹೊಲಗಳಲ್ಲಿ ಪರೀಕ್ಷಿಸಿ, ಫಲವನ್ನು ಕಂಡು, ಬೇರೆಡೆಯ ರೈತರಿಗೂ ಶಿಫಾರಸು ಮಾಡಿದರು. ಸಿಂಪಡಿಸದೇ ಉಳಿದ ವಿಷ ನಮ್ಮ ಬೇಳೆಗೂ ಬಾವಿಗೂ ಸೇರುವುದಿಲ್ಲ. ಆಹಾರದ ಸುರಕ್ಷತೆ ಹೊಲದಿಂದಲೇ ಆರಂಭವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ಮೂರನೆಯ ಶತ್ರು ಹುಳುವೂ ಅಲ್ಲ, ಶಿಲೀಂಧ್ರವೂ ಅಲ್ಲ. ಅದು ಮನುಷ್ಯನ ದುರಾಸೆ. ತೊಗರಿಬೇಳೆಗೆ ಅಗ್ಗದ ಕೇಸರಿಬೇಳೆಯನ್ನು ಬೆರೆಸುವ ಮೋಸ ಬಹಳ ಹಳೆಯದು. ಬರಗಾಲದಲ್ಲೂ ಬೆಳೆಯುವ ಈ ಕಾಳನ್ನೇ ತಿಂಗಳುಗಟ್ಟಲೆ ಪ್ರಧಾನ ಆಹಾರವಾಗಿ ಉಂಡವರ ಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. ಮಧ್ಯಪ್ರದೇಶದ ರೇವಾ ಪ್ರದೇಶದಲ್ಲಿ ಜೀತದಾಳುಗಳಿಗೆ ಕೂಲಿಯಾಗಿ ಇದನ್ನೇ ಕೊಡಲಾಗುತ್ತಿತ್ತು. ದುಡಿದು ಸಂಪಾದಿಸಿದ ಅನ್ನವೇ ಅವರನ್ನು ಹೆಳವರನ್ನಾಗಿಸಿತು. 1961ರಲ್ಲಿ ಇದರ ಮಾರಾಟವನ್ನು ನಿಷೇಧಿಸಲಾಯಿತು. 1964ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ ಅವರು ಕೇಸರಿಕಾಳಿನಲ್ಲಿ ನರಗಳಿಗೆ ಹಾನಿ ಮಾಡುವ ವಸ್ತುವನ್ನು ಬೇರ್ಪಡಿಸಿ ಅದರ ಸ್ವರೂಪವನ್ನು ಪ್ರಕಟಿಸಿದರು.

ಇದರ ಜೊತೆಗೆ, ಬೇಳೆಗೆ ಹೊಳಪು ಬರಲೆಂದು ಮೆಟಾನಿಲ್ ಯೆಲ್ಲೋ ಎಂಬ ನಿಷಿದ್ಧ ಬಣ್ಣವನ್ನು ಬಳಿಯುವವರೂ ಇದ್ದಾರೆ. ನಮ್ಮ ತಾಯಂದಿರು, ಸಹೋದರಿಯರು ಇಷ್ಟನ್ನು ತಿಳಿದಿದ್ದರೆ ಒಳ್ಳೆಯದು. ತೊಗರಿಬೇಳೆ ದುಂಡಗಿರುತ್ತದೆ, ಕೇಸರಿಬೇಳೆ ಮೂಲೆಗಳುಳ್ಳದ್ದು, ಒಂದು ಬದಿ ಓರೆಯಾಗಿರುತ್ತದೆ. ನೀರಿಗೆ ಹಾಕಿದ ಕೂಡಲೇ ಬೇಳೆ ಗಾಢ ಹಳದಿ ಬಣ್ಣ ಬಿಟ್ಟರೆ ಅದನ್ನು ಸಂಶಯಿಸಬೇಕು.

ಪ್ರವಾದಿ ಮುಹಮ್ಮದ್(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಅಡಿಯಲ್ಲಿ ತೇವವನ್ನು ಕಂಡು, ಮಾರುವವನನ್ನು ಪ್ರಶ್ನಿಸಿದ ಘಟನೆ ನಮಗೆಲ್ಲ ತಿಳಿದಿರುವುದೇ. ಮಳೆಗೆ ನೆನೆದದ್ದು ಅಪರಾಧವಾಗಿರಲಿಲ್ಲ. ನೆನೆದದ್ದನ್ನು ಮರೆಮಾಚಿದ್ದು ಅಪರಾಧವಾಗಿತ್ತು. ಈ ಆದರ್ಶದ ಮೇಲೆಯೇ ಮುಂದೆ ಇಸ್ಲಾಮಿ ನಗರಗಳಲ್ಲಿ ‘ಹಿಸ್ಬಾ’ ವ್ಯವಸ್ಥೆ ಬೆಳೆಯಿತು. ಮುಹ್ತಸಿಬ್ ಎಂಬ ಅಧಿಕಾರಿ ತೂಕ, ಅಳತೆ ಮತ್ತು ಆಹಾರದ ಶುದ್ಧತೆಯನ್ನು ಪರೀಕ್ಷಿಸುತ್ತಿದ್ದನು. 12ನೇ ಶತಮಾನದಲ್ಲಿ ಸಿರಿಯಾದ ಅಶ್ಶೈಝರಿ ಈ ಅಧಿಕಾರಿಗಳಿಗಾಗಿಯೇ ಒಂದು ಕೈಪಿಡಿ ಬರೆದು, ಕಾಳಿನ ವ್ಯಾಪಾರಿ, ರೊಟ್ಟಿ ಸುಡುವವ ಮುಂತಾದವರು ಯಾವ ಯಾವ ಮೋಸ ಮಾಡಬಹುದು ಎಂಬುದನ್ನು ವಿವರಿಸಿದ್ದಾನೆ. ಮುಹ್ತಸಿಬ್‌ನ ಕಣ್ಣಿಗೆ ಕಾಣದ ಅಪಾಯವನ್ನು ಇಂದು ಪ್ರಯೋಗಾಲಯ ಕಾಣುತ್ತದೆ. ಆದರೆ ಎರಡರ ಉದ್ದೇಶವೂ ಒಂದೇ.

ಹಾಗಿದ್ದರೆ ನಮ್ಮ ಪಾಲಿನ ಹೊಣೆ ಏನು? ಸುಣ್ಣದ ಕಲ್ಲನ್ನು ತೆಗೆಯಬೇಕಾದರೆ ಮೊದಲು ಮೇಲಿನ ಎರೆಮಣ್ಣನ್ನು ಸರಿಸಲೇಬೇಕು. ಅಂಗುಲ ಮಣ್ಣು ಉಂಟಾಗಲು ಶತಮಾನಗಳು ಬೇಕು; ಸರಿಸಲು ಯಂತ್ರಕ್ಕೆ ಒಂದು ದಿನವೂ ಬೇಡ. ಕಲ್ಲು ಬೇಡವೆಂದು ನಾವು ಹೇಳುತ್ತಿಲ್ಲ. ನಾವು ವಾಸಿಸುವ ಮನೆಯೂ ಸಿಮೆಂಟಿನದೇ, ದುಡಿಮೆಯೂ ಎಷ್ಟೋ ಮಂದಿಗೆ ಅಲ್ಲಿಯದೇ. ಆದರೆ ಎರಡೂ ಅನುಗ್ರಹಗಳಿಗೆ ಲೆಕ್ಕ ಕೊಡಬೇಕಾದವರು ನಾವು. ಮುಂದಿನ ತಲೆಮಾರಿನ ಪಾಲನ್ನು ಈಗಲೇ ಉಂಡು ಮುಗಿಸುವ ಹಕ್ಕು ನಮಗಿಲ್ಲ.

ಕೃಷಿ ವಿಜ್ಞಾನ, ಆಹಾರ ವಿಜ್ಞಾನಗಳನ್ನು ಕಲಿಯಲು ನಮ್ಮ ಮಕ್ಕಳನ್ನು ಪ್ರೋತ್ಸಾಹಿಸೋಣ. ರೋಗಗ್ರಸ್ತ ಹೊಲದಲ್ಲಿ ವರ್ಷಗಟ್ಟಲೆ ಕಾದು ಒಂದು ಬೀಜವನ್ನು ಆರಿಸಿದವನ ಕೆಲಸ, ಹಸಿದವನಿಗೆ ಉಣಬಡಿಸಿದಷ್ಟೇ ಶ್ರೇಷ್ಠವಾದ ಜನಸೇವೆ. ನಮ್ಮಲ್ಲಿ ಬೇಳೆ ವ್ಯಾಪಾರ ಮಾಡುವವರು ತಮ್ಮ ರಾಶಿಯ ಅಡಿಯಲ್ಲಿ ಏನಿದೆ ಎಂದು ಇತರರಿಗಿಂತ ಮೊದಲು ತಾವೇ ಕೈಯಿಟ್ಟು ನೋಡಲಿ. ಬಿತ್ತುವವ, ಬೀಸುವವ, ಮಾರುವವ, ಬಡಿಸುವವ: ಅನ್ನ ಎಲ್ಲರ ಕೈಯಲ್ಲೂ ಅಮಾನತ್. ಅದನ್ನು ಕೆಡದಂತೆ ಮುಂದಿನ ಕೈಗೆ ದಾಟಿಸುವ ಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ.