ನಾರ್ಮಂಡಿ ದಾಳಿ: ಸಿದ್ಧತೆ ಮತ್ತು ಸ್ಮರಣೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಹಿಡಿತದಲ್ಲಿದ್ದ ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿಯಲ್ಲಿ ಮಿತ್ರರಾಷ್ಟ್ರಗಳು 1944ರ ಜೂನ್ 6ರಂದು ಸೇನೆ ಇಳಿಸಿದ ಕಾರ್ಯಾಚರಣೆ ಇದು. ಮೊದಲ ದಿನವೇ ಸುಮಾರು 1,56,000 ಸೈನಿಕರು ಕಡಲು ದಾಟಿಯೋ ಆಕಾಶದಿಂದಲೋ ಬಂದಿಳಿದರು. ಯೂಟಾ, ಒಮಾಹಾ, ಗೋಲ್ಡ್, ಜೂನೋ, ಸೋರ್ಡ್ ಎಂಬವು ಐದು ತೀರಗಳಿಗೆ ಇಟ್ಟಿದ್ದ ಗುಪ್ತನಾಮಗಳು. ಆ ಒಂದು ದಿನದ ಸಾಹಸವೇ ಜನಮನದಲ್ಲಿ ಉಳಿದಿದೆ; ಅದರ ಹಿಂದಿನ ಎರಡು ವರ್ಷಗಳ ದುಡಿಮೆಗೂ ಅದಕ್ಕಾಗಿ ಸತ್ತ ಅನೇಕರಿಗೂ ನೆನಪಿನಲ್ಲಿ ಜಾಗ ಸಿಕ್ಕಿದ್ದು ಬಹಳ ತಡವಾಗಿ.

ಸಿದ್ಧತೆಯ ಮೊದಲ ಪಾಠ ಒಂದು ಸೋಲು. 1942ರ ಆಗಸ್ಟ್ 19ರಂದು ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ನಡೆಸಿದ ದಾಳಿಯಲ್ಲಿ ಸುಮಾರು 5,000 ಕೆನಡಾ ಸೈನಿಕರಿದ್ದರು. 900ಕ್ಕೂ ಹೆಚ್ಚು ಮಂದಿ ಸತ್ತರು, ಅದರ ಎರಡರಷ್ಟು ಮಂದಿ ಸೆರೆಸಿಕ್ಕರು. ತೀರದ ಉರುಟುಗಲ್ಲುಗಳಲ್ಲಿ ಟ್ಯಾಂಕುಗಳು ಸಿಕ್ಕಿಕೊಂಡವು. ಕಾವಲಿರುವ ಬಂದರನ್ನು ನೇರವಾಗಿ ಗೆಲ್ಲಲಾಗದು ಎಂದು ಅಂದು ಖಚಿತವಾಯಿತು. ಹಾಗಾದರೆ ಬಂದರನ್ನೇ ಜೊತೆಗೆ ಒಯ್ಯಬೇಕು! ಕಾಂಕ್ರೀಟಿನ ಬೃಹತ್ ಪೆಟ್ಟಿಗೆಗಳನ್ನು ಕಡಲಿನಲ್ಲಿ ಎಳೆದೊಯ್ದು ಮುಳುಗಿಸಿ ಎರಡು ಕೃತಕ ಬಂದರು ಕಟ್ಟುವ ಯೋಜನೆ ಹುಟ್ಟಿದ್ದು ಹೀಗೆ. ದಾಳಿಯ ನಂತರ, 1944ರ ಜೂನ್ 19ರಂದು ಎದ್ದ ಬಿರುಗಾಳಿ ಒಮಾಹಾ ತೀರದ ಬಂದರನ್ನು ಹಾಳುಮಾಡಿತು. ಗೋಲ್ಡ್ ತೀರದ ಅರೋಮಾಂಶ್‌ನದು ಉಳಿಯಿತು, ಅದರ ಅವಶೇಷಗಳು ಇಂದಿಗೂ ಅಲ್ಲಿ ನೀರಿನಿಂದ ಮೇಲೆ ಕಾಣುತ್ತವೆ.

1943ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸೇನಾಧಿಕಾರಿ ಫ್ರೆಡರಿಕ್ ಮಾರ್ಗನ್‌ಗೆ ಯೋಜನೆಯ ಹೊಣೆ ಬಂತು. ಕೈಗೆ ಸಿಗುವ ನೌಕೆಗಳನ್ನು ಲೆಕ್ಕಹಾಕಿ ಅವರು ಮೂರು ಡಿವಿಜನ್‌ಗಳ ದಾಳಿಯನ್ನು ರೂಪಿಸಿದರು. ಮರುವರ್ಷದ ಆರಂಭದಲ್ಲಿ ದಾಳಿಯ ಸರ್ವೋಚ್ಚ ದಂಡನಾಯಕ ಐಸೆನ್‌ಹೋವರ್ ಮತ್ತು ಭೂಸೇನೆಗಳ ದಂಡನಾಯಕ ಮಾಂಟ್‌ಗೊಮರಿ ಅದನ್ನು ಐದಕ್ಕೆ ಹಿಗ್ಗಿಸಿದರು.

ಆದರೆ ಟ್ಯಾಂಕುಗಳ ಭಾರವನ್ನು ನಾರ್ಮಂಡಿ ತೀರದ ಮರಳು ತಾಳೀತೆ? ಮೇಲ್ಪದರದ ಅಡಿಯಲ್ಲಿ ಜೌಗು ಮಣ್ಣಿದೆ ಎಂಬ ಶಂಕೆಯಿತ್ತು. 1943ರ ಡಿಸೆಂಬರ್ 31ರ ರಾತ್ರಿ ಲೋಗನ್ ಸ್ಕಾಟ್-ಬೌಡನ್ ಮತ್ತು ಬ್ರೂಸ್ ಆಗ್ಡನ್-ಸ್ಮಿತ್ ಎಂಬ ಇಬ್ಬರು ಬ್ರಿಟಿಷ್ ಸೈನಿಕರು ಚಳಿಗಾಲದ ಕಡಲಿನಲ್ಲಿ ಈಜಿ ತೀರ ಮುಟ್ಟಿದರು. ಜರ್ಮನ್ ಕಾವಲಿನ ನಡುವೆಯೇ ಬೈರಿಗೆಯಿಂದ ಮರಳು ಕೊರೆದು, ಮಾದರಿಗಳನ್ನು ಕೊಳವೆಗಳಲ್ಲಿ ತುಂಬಿಕೊಂಡು, ಅಲೆಗಳನ್ನು ಸೀಳಿ ಹಿಂತಿರುಗಿದರು. ಮೆತ್ತನೆಯ ನೆಲದ ಮೇಲೆ ಚಾಪೆಯ ಸುರುಳಿ ಹಾಸುತ್ತ ಸಾಗುವ ವಿಶೇಷ ಟ್ಯಾಂಕುಗಳೂ ತಯಾರಾದವು. ಇಡೀ ಕಾರ್ಯಾಚರಣೆಯಲ್ಲಿ ಆ ಇಬ್ಬರ ಈಜಿನಷ್ಟು ಸಣ್ಣದೂ ದಿಟ್ಟವೂ ಆದ ಕೆಲಸ ಇನ್ನೊಂದು ಇರಲಾರದು.

ದಿನದ ಆಯ್ಕೆ ಚಂದ್ರನ ಕೈಯಲ್ಲಿತ್ತು. ಪ್ಯಾರಾಚೂಟ್ ಪಡೆಗಳಿಗೆ ಬೆಳದಿಂಗಳು ಬೇಕು. ಜರ್ಮನ್ ಸೇನಾನಿ ರೊಮೆಲ್ ತೀರದಲ್ಲಿ ನೆಡಿಸಿದ್ದ ಅಡೆತಡೆಗಳು ಕಣ್ಣಿಗೆ ಕಾಣಬೇಕಾದರೆ ಬೆಳಗಿನ ಹೊತ್ತು ನೀರು ಇಳಿದಿರಬೇಕು. ಆರ್ಥರ್ ಡೂಡ್ಸನ್ ಎಂಬ ಗಣಿತಜ್ಞರು ಲಿವರ್‌ಪೂಲ್ ಬಳಿ, ಗಾಲಿ ರಾಟೆಗಳ ಯಂತ್ರ ತಿರುಗಿಸಿ ಉಬ್ಬರವಿಳಿತದ ಕೋಷ್ಟಕ ತೆಗೆದುಕೊಟ್ಟರು. ಜಾಗದ ಹೆಸರನ್ನು ಅವರಿಗೂ ತಿಳಿಸಿರಲಿಲ್ಲ. ಜೂನ್ 5, 6, 7 ತಕ್ಕ ದಿನಗಳೆಂದು ತೋರಿತು. ಐರ್ಲೆಂಡಿನ ಬ್ಲ್ಯಾಕ್‌ಸಾಡ್‌ನಿಂದ ಮೊರೀನ್ ಫ್ಲಾವಿನ್ ಎಂಬ ಯುವತಿ ಕಳುಹಿಸಿದ ವಾಯುಭಾರದ ವರದಿಗಳು ಬಿರುಗಾಳಿಯ ಮುನ್ಸೂಚನೆಗೆ ಬಲ ಕೊಟ್ಟವು. ದಾಳಿ 5ರಿಂದ 6ಕ್ಕೆ ಸರಿಯಿತು. ಸೋತರೆ ತಪ್ಪೆಲ್ಲ ತನ್ನದೇ ಎಂದು ಐಸೆನ್‌ಹೋವರ್ ಮೊದಲೇ ಒಂದು ಚೀಟಿ ಬರೆದಿಟ್ಟುಕೊಂಡಿದ್ದರು. ಅದರಲ್ಲಿ ಜೂನ್ ಬದಲು ಜುಲೈ 5 ಎಂಬ ದಿನಾಂಕ ಬಿದ್ದಿದೆ. ಆ ಹೊತ್ತಿನ ಒತ್ತಡ ಎಂಥದ್ದೆಂದು ಅದೊಂದೇ ಹೇಳುತ್ತದೆ.

ತಾಲೀಮೂ ಜೀವಗಳನ್ನು ಬಲಿ ತೆಗೆದುಕೊಂಡಿತು. ಇಂಗ್ಲೆಂಡಿನ ಸ್ಲ್ಯಾಪ್ಟನ್ ಸುತ್ತಲಿನ ಸುಮಾರು 3,000 ಜನರನ್ನು ಮನೆಮಠ ಬಿಡಿಸಿ ಆ ತೀರವನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಲಾಗಿತ್ತು. 1944ರ ಏಪ್ರಿಲ್ 28ರ ನಸುಕಿನಲ್ಲಿ ಜರ್ಮನ್ ಟಾರ್ಪಿಡೊ ದೋಣಿಗಳು ನುಗ್ಗಿ ಎರಡು ಹಡಗುಗಳನ್ನು ಮುಳುಗಿಸಿದವು. ಸತ್ತ ಅಮೆರಿಕನ್ನರು ಸುಮಾರು 750. ಅವರು ತಾಲೀಮು ನಡೆಸುತ್ತಿದ್ದದ್ದು ಯೂಟಾ ತೀರಕ್ಕಾಗಿ. ದಾಳಿಯ ದಿನ ಆ ತೀರದಲ್ಲಿ ಸತ್ತವರ ಸಂಖ್ಯೆ ಇದಕ್ಕಿಂತ ಎಷ್ಟೋ ಕಡಿಮೆ. ಗುಟ್ಟು ಕಾಯಲು ಸುದ್ದಿಯನ್ನು ಅದುಮಲಾಯಿತು, ಯುದ್ಧಾನಂತರವೂ ಹೆಚ್ಚಿನವರ ಗಮನ ಅತ್ತ ಹರಿಯಲಿಲ್ಲ. ಸ್ಥಳೀಯ ಹೋಟೆಲಿಗ ಕೆನ್ ಸ್ಮಾಲ್ ತಾವೇ ಓಡಾಡಿ 1984ರಲ್ಲಿ ಕಡಲಡಿಯಿಂದ ಒಂದು ಶೆರ್ಮನ್ ಟ್ಯಾಂಕನ್ನು ಮೇಲೆತ್ತಿಸಿ ಸ್ಮಾರಕವಾಗಿ ನಿಲ್ಲಿಸಿದರು.

ನಾರ್ಮಂಡಿಯಲ್ಲಿ ಸ್ಮರಣೆ ಬೇಗನೆ ಬೇರೂರಿತು. ಅರೋಮಾಂಶ್ ವಸ್ತುಸಂಗ್ರಹಾಲಯ 1954ರಲ್ಲೇ ತೆರೆಯಿತು. ಕೊಲ್‌ವಿಲ್‌ನ ಅಮೆರಿಕನ್ ಸ್ಮಶಾನದಲ್ಲಿ 9,300ಕ್ಕೂ ಹೆಚ್ಚು ಸಮಾಧಿಗಳಿವೆ. ಲಾ ಕಾಂಬ್‌ನ ಜರ್ಮನ್ ಸ್ಮಶಾನದಲ್ಲಿ ಸುಮಾರು 21,000. ಮೊದಮೊದಲು ಸೈನಿಕರೇ ಮುಂದೆ ನಿಂತು ನಡೆಸುತ್ತಿದ್ದ ಆಚರಣೆ, 1984ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಮತ್ತಿತರ ನಾಯಕರು ಬಂದಮೇಲೆ ರಾಷ್ಟ್ರನಾಯಕರ ಸಮಾವೇಶವಾಯಿತು. ಜರ್ಮನಿಯ ಚಾನ್ಸೆಲರ್ ಒಬ್ಬರು, ಗೆರ್ಹಾರ್ಡ್ ಶ್ರೋಡರ್, ಅದರಲ್ಲಿ ಪಾಲ್ಗೊಳ್ಳಲು 2004 ಬರಬೇಕಾಯಿತು.

ಇನ್ನೂ ನೋವಿನ ಮೌನವೊಂದಿತ್ತು. ಕಾನ್, ಸೇಂಟ್-ಲೋ ಪಟ್ಟಣಗಳನ್ನು ನೆಲಸಮ ಮಾಡಿದ್ದು ಬಹುಪಾಲು ಮಿತ್ರರಾಷ್ಟ್ರಗಳ ಬಾಂಬುಗಳೇ. ಆ ಬೇಸಿಗೆಯ ಕಾಳಗದಲ್ಲಿ ನಾರ್ಮಂಡಿಯ ಸುಮಾರು 20,000 ನಾಗರಿಕರು ಸತ್ತರು. ಬಿಡುಗಡೆ ತಂದವರೇ ಮನೆಯವರನ್ನು ಕೊಂದರೆಂದು ಸಂಭ್ರಮದ ದಿನ ಹೇಳುವುದು ಹೇಗೆ? 2014ರಲ್ಲಿ ಫ್ರಾನ್ಸಿನ ಅಧ್ಯಕ್ಷ ಒಲಾಂದ್ ಕಾನ್‌ನಲ್ಲಿ ಈ ನಾಗರಿಕರಿಗೆಂದೇ ಗೌರವ ಸಲ್ಲಿಸಿದರು. 2021ರಲ್ಲಿ ವೆರ್-ಸುರ್-ಮೇರ್‌ನಲ್ಲಿ ತೆರೆದ ಬ್ರಿಟಿಷ್ ಸ್ಮಾರಕದಲ್ಲಿ ಬ್ರಿಟಿಷ್ ಸೇನಾ ನಾಯಕತ್ವದಡಿ ಹೋರಾಡಿ ಮಡಿದ 22,442 ಮಂದಿಯ ಹೆಸರು ಕೆತ್ತಿದ್ದಾರೆ. ಅದೇ ಆವರಣದಲ್ಲಿ ಫ್ರೆಂಚ್ ನಾಗರಿಕರಿಗೂ ಪ್ರತ್ಯೇಕ ಸ್ಮಾರಕವಿದೆ.