ಸಮಛೇದದಲ್ಲಿ ಕೂಡಿದ ಜೋಡಿಗಳು

ಗ್ಯಾಲಿಯಂ ಆರ್ಸೆನೈಡ್ ಹರಳಿನ ತೆಳುಪದರವೊಂದರಲ್ಲಿ ಸೆರೆಯಾದ ಎಲೆಕ್ಟ್ರಾನುಗಳನ್ನು ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಣಿಸಿ, ಪದರಕ್ಕೆ ಲಂಬವಾಗಿ ಪ್ರಬಲ ಕಾಂತಕ್ಷೇತ್ರವನ್ನು ಒಡ್ಡಿದಾಗ, ವಿದ್ಯುತ್ ಪ್ರವಾಹಕ್ಕೆ ಅಡ್ಡಲಾಗಿ ಅಳೆಯುವ ಹಾಲ್ ರೋಧವು ಕ್ಷೇತ್ರದೊಡನೆ ಏರುತ್ತಲೇ ಹೋಗದೆ ಅಲ್ಲಲ್ಲಿ ಸಮತಟ್ಟಾಗಿ ನಿಲ್ಲುತ್ತದೆ. ಇಂಥ ನಿಲುಗಡೆಯೊಂದನ್ನು ಡೇನಿಯಲ್ ಸುಯಿ, ಹೋರ್ಸ್ಟ್ ಸ್ಟಾರ್ಮರ್ ಮತ್ತು ಆರ್ಥರ್ ಗೊಸಾರ್ಡ್ 1982ರಲ್ಲಿ 1/3 ಎಂಬ ಭರ್ತಿ ಪ್ರಮಾಣದಲ್ಲಿ, ಅಂದರೆ ಒಂದು ಶಕ್ತಿಮಟ್ಟದ ಮೂರು ಸ್ಥಾನಗಳಿಗೆ ಒಂದೇ ಎಲೆಕ್ಟ್ರಾನು ಇರುವಲ್ಲಿ, ವರದಿ ಮಾಡಿದರು. ಮುಂದೆ ಸಿಕ್ಕ 2/5, 3/7 ಮುಂತಾದವುಗಳ ಛೇದವೂ ಬೆಸಸಂಖ್ಯೆಯೇ ಆಗಿದ್ದು, ರಾಬರ್ಟ್ ಲಾಫ್ಲಿನ್ 1983ರಲ್ಲಿ ನೀಡಿದ ವಿವರಣೆಯೂ ಅದನ್ನೇ ಬಯಸುತ್ತಿದ್ದುದರಿಂದ, ಬೆಸ ಛೇದವೇ ನಿಯಮವೆಂಬ ನಂಬಿಕೆ ನೆಲೆಯೂರಿತು.

ಆ ನಂಬಿಕೆಯನ್ನು 1987ರಲ್ಲಿ ರಾಬರ್ಟ್ ವಿಲೆಟ್ ಮತ್ತು ಸಂಗಡಿಗರು 5/2ರಲ್ಲಿ ಕಂಡ ಸ್ಥಿತಿ ಅಲುಗಿಸಿತು. ಅಲ್ಲಿನ ಹಾಲ್ ರೋಧ ಸುಮಾರು 10,325 ಓಮ್, ಛೇದ ಸಮಸಂಖ್ಯೆ.

ಉತ್ತರದ ಹಾದಿಯನ್ನು ತೆರೆದವರು ರಾಜಸ್ಥಾನ ಮೂಲದ ಜೈನೇಂದ್ರ ಜೈನ್. ಪ್ರತಿ ಎಲೆಕ್ಟ್ರಾನು ಸಮಸಂಖ್ಯೆಯ ಕ್ವಾಂಟಂ ಸುಳಿಗಳನ್ನು ತನಗೆ ಕಟ್ಟಿಕೊಂಡು 'ಸಂಯುಕ್ತ ಫರ್ಮಿಯಾನ್' ಎಂಬ ಹೊಸ ಕಣದಂತೆ ವರ್ತಿಸುತ್ತದೆಂದು ಅವರು 1989ರಲ್ಲಿ ಮಂಡಿಸಿದರು. ಈ ಕಣಗಳಿಗೆ ತಟ್ಟುವ ಕಾಂತಕ್ಷೇತ್ರ ತಗ್ಗಿರುತ್ತದೆ. ಮಟ್ಟವು ಅರ್ಧ ತುಂಬಿದಾಗ ಅದು ಸರಾಸರಿಯಲ್ಲಿ ಶೂನ್ಯವೇ ಆಗುತ್ತದೆ. ಹಾಗಾದಾಗ ಅವು ಲೋಹದೊಳಗಿನ ಎಲೆಕ್ಟ್ರಾನುಗಳಂತೆ ಸಾಗರವಾಗಿ ಹರಡಿಕೊಳ್ಳುತ್ತವೆ, ನಿಲುಗಡೆ ಮೂಡುವುದಿಲ್ಲ ಎಂಬ ಹಾಲ್ಪರಿನ್, ಲೀ ಮತ್ತು ರೀಡ್ ಅವರ 1993ರ ವಾದ 1/2ರಲ್ಲಿ ಪ್ರಯೋಗಕ್ಕೆ ಸರಿಹೊಂದಿತು. ಆದರೆ ಸ್ಪಿನ್‌ನ ಎರಡೂ ದಿಕ್ಕುಗಳಿಗೆ ಕೆಳಮಟ್ಟ ಪೂರ್ತಿ ತುಂಬಿ, ಎರಡನೆಯ ಮಟ್ಟ ಒಂದು ದಿಕ್ಕಿಗೆ ಮಾತ್ರ ಅರ್ಧ ತುಂಬಿರುವ 5/2ರಲ್ಲಿ ನಿಲುಗಡೆ ಇದ್ದೇ ಇತ್ತು. ಗ್ರೆಗರಿ ಮೂರ್ ಮತ್ತು ನಿಕೊಲಸ್ ರೀಡ್ 1991ರಲ್ಲಿ ಸೂಚಿಸಿದ ಅಲೆಫಲನವನ್ನು ಅತಿವಾಹಕದ ಎಲೆಕ್ಟ್ರಾನುಗಳಂತೆ ಈ ಕಣಗಳೂ ಜೋಡಿಗೂಡುತ್ತವೆಂದು ಓದಿಕೊಂಡರೆ ಒಗಟು ಸಡಿಲವಾಗುತ್ತಿತ್ತು.

ಸಾಮಾನ್ಯ ಅತಿವಾಹಕದಲ್ಲಿ ಹರಳಿನ ಕಂಪನ ಎಲೆಕ್ಟ್ರಾನುಗಳನ್ನು ಬೆಸೆದರೆ, ಇಲ್ಲಿರುವುದು ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯೊಂದೇ. ಅದರಿಂದ ಆಕರ್ಷಣೆ ಹುಟ್ಟುವುದು ಈ ಚರಿತ್ರೆಯ ಅತ್ಯಂತ ಸುಂದರವಾದ ತಿರುವು. ಸುಳಿಗಳು ಎಲೆಕ್ಟ್ರಾನುಗಳನ್ನು ದೂರವಿರಿಸಿ ವಿಕರ್ಷಣೆಯನ್ನು ಬಹುಪಾಲು ಮರೆಮಾಡುತ್ತವೆ. ಸಮೀಪದ ವಿಕರ್ಷಣೆ ಮೊದಲೇ ಮೃದುವಾಗಿರುವ ಎರಡನೆಯ ಮಟ್ಟದಲ್ಲಿ ಈ ಮರೆ ಅಗತ್ಯಕ್ಕಿಂತ ಹೆಚ್ಚಾಗಿ ಕ್ಷೀಣ ಆಕರ್ಷಣೆಯೊಂದು ಉಳಿಯುತ್ತದೆಂದು ಸ್ಕರೋಲಾ, ಪಾರ್ಕ್ ಮತ್ತು ಜೈನ್ 2000ದಲ್ಲಿ ಲೆಕ್ಕಹಾಕಿ ತೋರಿಸಿದರು.

ಜೋಡಿಯ ಸ್ವರೂಪದ ವಿವಾದ ಮಾತ್ರ ಮುಗಿಯಲಿಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ 2008ರಲ್ಲಿ 5/2 ಸ್ಥಿತಿಯಲ್ಲಿ, ಜೋಡಿಗೂಡುವಿಕೆಗೆ ಹೊಂದುವಂತೆ, ಎಲೆಕ್ಟ್ರಾನಿನ ಕಾಲುಭಾಗದ ವಿದ್ಯುದಂಶ ಕಂಡಿತು. ಅಲ್ಲಿಯೇ ಮಿತಾಲಿ ಬ್ಯಾನರ್ಜಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಉಷ್ಣವಾಹಕತೆಯ ಅಳತೆ 2.5 ಕ್ವಾಂಟಂ ಘಟಕಗಳಷ್ಟಿತ್ತು. ಮೂರ್ ಮತ್ತು ರೀಡ್ ಅವರ ಸ್ಥಿತಿಗೆ 3.5, ಎಲೆಕ್ಟ್ರಾನು ಮತ್ತು ಖಾಲಿ ಸ್ಥಾನಗಳನ್ನು ಅದಲುಬದಲು ಮಾಡಿದ ಅದರ ಪ್ರತಿರೂಪಕ್ಕೆ 1.5 ಇರಬೇಕಾಗಿದ್ದರಿಂದ, ಗಣಕದ ಲೆಕ್ಕಾಚಾರಗಳು ಬಹುಕಾಲ ಬೆಂಬಲಿಸಿದ್ದ ಈ ಎರಡಕ್ಕೂ ಅಳತೆ ಹೊಂದಲಿಲ್ಲ.