ಹೆಬ್ಬಾವು ಯಾರ ಸ್ವತ್ತು?

ಪಶ್ಚಿಮಘಟ್ಟದ ತಪ್ಪಲಿನ ನಮ್ಮ ಕೊಂಬೈಯಲ್ಲಿ ಮಕ್ಕಳು ಕೇಳುವುದುಂಟು: ಹಿಡಿದವನಿಗೇ ಹೆಬ್ಬಾವು ಸೇರಬಾರದೇಕೆ? ಇದಕ್ಕೆ ಇತಿಹಾಸವೇ ಉತ್ತರ.

ಹಿಂದೆ ಭಾರತದ ಹಾವುಗಳ ಚರ್ಮವು ಚೀಲ, ಪಾದರಕ್ಷೆಗಳಿಗಾಗಿ ಪರದೇಶಗಳಿಗೆ ರಫ್ತಾಗುತ್ತಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಹುಟ್ಟಿತು. 1976ರಲ್ಲಿ ಚರ್ಮದ ರಫ್ತು ನಿಂತಿತು. ಇಂದು ನಮ್ಮ ಹೆಬ್ಬಾವು ಪ್ರಥಮ ಅನುಸೂಚಿಗೆ ಸೇರಿದೆ. ಅದನ್ನು ಹಿಡಿಯುವುದೂ ಸಾಕುವುದೂ ಅನುಮತಿಯಿಲ್ಲದೆ ಸಾಗಿಸುವುದೂ ಅಪರಾಧ. ಹಾಗೆ ಹಿಡಿದ ಹಾವು ಸರ್ಕಾರದ ಸ್ವತ್ತು.

ಪರದೇಶದ ಹೆಬ್ಬಾವುಗಳ ವಿಷಯದಲ್ಲಿ ಈ ಅಧಿನಿಯಮವು ಬಹುಕಾಲ ಮೌನವಾಗಿತ್ತು. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿಯು ಅವುಗಳನ್ನು ಸಾಕುವವರಿಗೂ ನೋಂದಣಿಯನ್ನು ವಿಧಿಸಿತು.

ಮಕ್ಕಳೇ, ಹೊಲದಲ್ಲಿ ಹೆಬ್ಬಾವು ಕಂಡರೆ ಕೊಲ್ಲದಿರಿ. ಗೋಣಿಯಲ್ಲಿ ತುಂಬಿ ಕಾಡಿಗೆ ಒಯ್ಯಲೂ ಹೋಗದಿರಿ. ದೂರ ನಿಂತು, ಹಿರಿಯರ ಮೂಲಕ ಅರಣ್ಯ ಇಲಾಖೆಗೆ ತಿಳಿಸಿರಿ. ಇಲಿಗಳನ್ನು ನುಂಗಿ ಬೆಳೆ ಕಾಯುವ ಆ ಜೀವಿಯು ಹಿಡಿದವನದಲ್ಲ, ಕಾಡಿನದು.